ಕಂಬದ ಬುಡದ ನೆರಳು

ಜೀವ ಬೇಕಿದ್ದರೆ ಗಾಳಿಯಂತ್ರದ ಕಂಬದ ಬುಡ ಬಿಟ್ಟು ಓಡು ಎಂದು ಮೇಲ್ವಿಚಾರಕ ಡೇವ್ ಕೂಗಿದ್ದು ಇಂಗ್ಲಿಷಿನಲ್ಲಿ. ನನ್ನ ಕಾಲಿಗೆ ಮಾತ್ರ ಅದು ಅಚ್ಚ ಕನ್ನಡದಲ್ಲೇ ಕೇಳಿಸಿತು. ಓಡಿದೆ. ಹಿಂದೆ ಧೊಪ್ಪೆಂದಿತು. ತಿರುಗಿ ನೋಡಿದರೆ ನಾನು ಕೂತಿದ್ದಲ್ಲಿ ಬಾಗಿಲಗಲದ ಮಂಜುಗಡ್ಡೆ, ಅದರಡಿ ನನ್ನ ಬುತ್ತಿ ಡಬ್ಬಿ.

2011ರ ಚಳಿಗಾಲ. ಟೊರಾಂಟೊದ ಪಕ್ಕದ ವಾನ್ ಎಂಬ ಊರಿನಲ್ಲಿ ಬೇಸ್‌ಮೆಂಟು ಬಾಡಿಗೆ ಹಿಡಿದು, ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಕೊನೆಗೆ ಉತ್ತರದ ಗುಡ್ಡಗಳ ಗಾಳಿಯಂತ್ರಗಳ ಮೇಲೇರಿ ರಿಪೇರಿ ಮಾಡುವ ನನ್ನ ಹಳೆಯ ಕೆಲಸವೇ ಸಿಕ್ಕಿತ್ತು. ಅದೂ ಪ್ರೊಬೇಷನ್ ಮೇಲೆ. ಕೆಲಸ ಕಾಯಂ ಆದರಷ್ಟೇ ಗದಗದಲ್ಲಿದ್ದ ಹೆಂಡತಿ ಗಿರಿಜಾಳನ್ನೂ ಮಗಳು ಪಲ್ಲವಿಯನ್ನೂ ಕರೆಸಿಕೊಳ್ಳುವ ಮಾತು.

ಗದಗದ ಕಪ್ಪತಗುಡ್ಡದಲ್ಲಿ ನಾವು ಇವನ್ನು ಫ್ಯಾನು ಎನ್ನುತ್ತಿದ್ದೆವು. ಬೋಳು ಗುಡ್ಡದ ಮೇಲೆ ನೆರಳೆಂದರೆ ಫ್ಯಾನಿನ ಕಂಬದ್ದು ಮಾತ್ರ. ಕುರಿ ಕಾಯುವವರು, ನಾವು, ನಾಯಿ ಎಲ್ಲರೂ ಅದರಲ್ಲೇ ಸಾಲಾಗಿ ಕೂತು ರೊಟ್ಟಿ ಬಿಚ್ಚುತ್ತಿದ್ದೆವು. ನೆರಳು ಸರಿದಂತೆ ನಾವೂ ಬುತ್ತಿಯೂ ಸರಿಯುತ್ತಿದ್ದೆವು. ಇಲ್ಲಿ ಚಳಿಗಾಲದಲ್ಲಿ ರೆಕ್ಕೆಗೆ ಮಂಜು ಕಟ್ಟುತ್ತದೆ, ಬಿಸಿಲು ಬಿದ್ದರೆ ಕಳಚಿ ಬೀಳುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ತಲೆಯಾಡಿಸಿಯೂ ಇದ್ದೆ. ಆದರೆ ಊಟದ ಹೊತ್ತಿಗೆ ಬೆನ್ನು ತಾನಾಗಿ ಕಂಬ ಹುಡುಕಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನನ್ನದು ಹೆಪ್ಪುಗಟ್ಟಿದರೂ ಹೋಗಲಿಲ್ಲ.

ಕೆಲಸ ಹೋಯಿತು ಅಂದುಕೊಂಡೆ. ಡೇವ್ ಟ್ರಕ್ಕಿನಲ್ಲಿ ಕೂರಿಸಿ, ಅಲ್ಲೇಕೆ ಕೂತೆ ಎಂದು ಕೇಳಿದ. ನೆರಳಿನ ಕಥೆ ಹೇಳಿದೆ. ಅವನು ತನ್ನ ಸ್ಯಾಂಡ್‌ವಿಚ್ ಮುರಿದು ಅರ್ಧ ಕೊಟ್ಟು, "ಇಲ್ಲಿ ನೆರಳೆಂದರೆ ಈ ಟ್ರಕ್ಕು. ಇನ್ನೊಮ್ಮೆ ಅಲ್ಲಿ ಕಂಡರೆ ನಾನೇ ಮನೆಗೆ ಕಳಿಸುತ್ತೇನೆ" ಎಂದ.

ಆ ಸಂಜೆ ಫೋನಿನಲ್ಲಿ ಗಿರಿಜಾ ಕೇಳಿದಳು, "ಊಟ ಮಾಡಿದ್ರ್ಯಾ? ಎಲ್ಲಿ ಕುಂತು ಉಂಡ್ರಿ?"

"ಟ್ರಕ್ಕಿನ್ಯಾಗ."

"ಒಬ್ರ?"

ಪಲ್ಲವಿಗೆ ಫೋನು ಕೊಡು ಎಂದೆ. ಅಂದಿನಿಂದ ಮೇಲೇರಿ ಹಿಮದ ಬಯಲು ಕಂಡಾಗಲೆಲ್ಲ ಆ ಉರಿಬಿಸಿಲು, ಆ ಒಂದು ಗೇಣು ನೆರಳು, ಶೇಂಗಾ ಚಟ್ನಿಗೆ ಚಾಚುವ ಐದಾರು ಕೈಗಳು ಬೇಕೆನಿಸಿ ಜೀವ ಚಡಪಡಿಸುತ್ತಿತ್ತು.

ಮುಂದಿನ ಚಳಿಗಾಲ ಕಳೆಯುವಷ್ಟರಲ್ಲಿ ಕೆಲಸ ಕಾಯಂ ಆಯಿತು. ಅವರಿಬ್ಬರನ್ನು ಕರೆತರಲು ಗದಗಕ್ಕೆ ಹೋದೆ. ಹೊರಡುವ ಮುನ್ನ ಮೂವರೂ ಗುಡ್ಡ ಹತ್ತಿದೆವು. ರಣಗುಡುವ ಬಿಸಿಲು. ಕಂಬದ ನೆರಳಿನಲ್ಲಿ ಅದೇ ಸಾಲು, ಅದೇ ರೊಟ್ಟಿಯ ಗಂಟು. ಪಲ್ಲವಿ ಓಡಿಹೋಗಿ ಕೂತು, ಪಕ್ಕದ ನೆಲ ತಟ್ಟಿದಳು.

"ಅಪ್ಪಾ, ಬಾ. ನಿನಗ ಜಾಗಾ ಇಟ್ಟೇನಿ."

ಎರಡು ಚಳಿಗಾಲ ನಾನು ಕನಸಿದ್ದ ಜಾಗ. ಆದರೆ ಕಾಲು ಏಳಲಿಲ್ಲ. ಬಿಸಿಲಿನಲ್ಲೇ ನಿಂತು, ತಲೆಯೆತ್ತಿ ರೆಕ್ಕೆಗಳನ್ನು ನೋಡುತ್ತಿದ್ದೆ.