ದರ್ಜಿ ಅಕ್ಕನ ಎರಡು ದಾರ

ದರ್ಜಿ ಅಕ್ಕ ಶಿಲೀಂಧ್ರ ಅಧ್ಯಯನ ಸಂಘಕ್ಕೆ ಮೊದಲು ಕಾಲಿಟ್ಟದ್ದು ಅಣಬೆಯ ಮೇಲಿನ ಪ್ರೀತಿಯಿಂದೇನಲ್ಲ, ಕಿಟಕಿಯ ಪರದೆಗೆ ಅಳತೆ ತೆಗೆಯಲು. ಮೇಜಿನ ತುಂಬ ಹರಡಿದ್ದ ಅಣಬೆಗಳನ್ನು ಕಂಡು ಅಳತೆಯನ್ನೇ ಮರೆತು ನಿಂತರು. ಮರುವಾರ ಸದಸ್ಯೆಯಾದರು. ಒಂಬತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಓದಿದ್ದು ಏಳನೇ ತರಗತಿ. ಉಳಿದವರೆಲ್ಲ ಡಿಗ್ರಿ ಮಾಡಿದವರು. ಹಾಗಾಗಿ ಅಲ್ಲಿ ಅಕ್ಕನ ಬಾಯಿಗೆ ಬೀಗ.

ವಾರ್ಷಿಕ ಪ್ರದರ್ಶನದ ಹಿಂದಿನ ದಿನ ಅಂಚೆಯಣ್ಣ ಬುಟ್ಟಿ ತುಂಬ ಅಗಲ ಟೋಪಿಯ ಅಣಬೆ ತಂದ. ಸಂಘದ ಅಧ್ಯಕ್ಷರು ನಿವೃತ್ತ ವಿಜ್ಞಾನ ಮೇಷ್ಟ್ರು. ಒಮ್ಮೆ ನೋಡಿ 'ತಿನ್ನಬಹುದು' ಎಂದುಬಿಟ್ಟರು. ಪ್ರದರ್ಶನ ಮುಗಿದ ಮೇಲೆ ಮನೆಗೆ ಒಯ್ಯುತ್ತೇನೆಂದು ಅವನು ಹಿಗ್ಗಿದ.

ಅಕ್ಕನಿಗೇಕೋ ಸಮಾಧಾನವಾಗಲಿಲ್ಲ. ಒಂದು ಟೋಪಿ ಕೇಳಿಕೊಂಡು ಹೋಗಿ, ಅದರ ಅಡಿ ಕಾಗದಕ್ಕೆ ತಾಗುವಂತೆ ಇಟ್ಟು ಬಟ್ಟಲು ಮುಚ್ಚಿದರು. ಹಾಗಿಟ್ಟರೆ ಅಣಬೆಯ ಪುಡಿ ಉದುರುತ್ತದೆ. ನೋಡಲು ಅವಳಿಗಳಂತಿರುವ ಎರಡು ಜಾತಿಗಳಲ್ಲಿ ತಿನ್ನುವುದರ ಪುಡಿ ಬಿಳಿ, ವಿಷದ್ದು ಹಸಿರು. ಬೆಳಿಗ್ಗೆ ಬಟ್ಟಲು ಎತ್ತಿ ನೋಡಿದವರೇ ಅಕ್ಕ ಕಾಗದ ಹಿಡಿದು ಸಂಘಕ್ಕೆ ಓಡಿದರು.

"ಮೇಷ್ಟ್ರೇ, ಇದು ಹಸಿರು."

"ಬಿಳೀನೇ ಅಲ್ವೇನಮ್ಮಾ? ಸ್ವಲ್ಪ ಮಾಸಿದೆ, ಅಷ್ಟೇ."

ಪಕ್ಕದಲ್ಲಿದ್ದ ಕಾರ್ಯದರ್ಶಿ ಮುಸಿಮುಸಿ ನಕ್ಕ. ಅಯ್ಯೋ, ನಗಲಿ ಬಿಡಿ! ಇನ್ನೊಬ್ಬರಾಗಿದ್ದರೆ ಅಲ್ಲಿಗೇ ತಣ್ಣಗಾಗುತ್ತಿದ್ದರು. ಅಕ್ಕ ಚೀಲದಿಂದ ಎರಡು ಉಂಡೆ ದಾರ ತೆಗೆದು, ಒಂದೊಂದು ಎಳೆ ಕಿತ್ತು ಪುಡಿಯ ಮೇಲೆ ಮಲಗಿಸಿದರು.

"ಇದು ಬಿಳಿ, ಇದು ತಿಳಿಹಸಿರು. ಯಾವ್ದು ಕಾಣ್ತಾ ಇಲ್ಲ, ನೀವೇ ನೋಡಿ. ಇಪ್ಪತ್ತೆಂಟು ವರ್ಷ ಬಟ್ಟೆಗೆ ದಾರ ಹೊಂದಿಸಿದೀನಿ, ನನ್ ಕಣ್ಣು ಮೋಸ ಹೋಗಲ್ಲ."

ಮೇಷ್ಟ್ರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಎಳೆ ಎದ್ದು ಕಾಣುತ್ತಿತ್ತು. ಹಸಿರು ಎಳೆ ಪುಡಿಯಲ್ಲಿ ಮಾಯವಾಗಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ತಪ್ಪು ನಂದು. ಇದು ವಿಷ" ಎಂದರು.

ಅಂಚೆಯಣ್ಣ ಕುರ್ಚಿಯಲ್ಲಿ ಕುಸಿದ. "ಮನೇಲಿ ಮೂರು ವರ್ಷದ ಮಗಳಿದಾಳೆ ಅಕ್ಕಾ..." ಅಕ್ಕ ಅವನ ಬೆನ್ನು ಸವರಿದರು. ಸುಳ್ಳೇಕೆ, ಆ ಗಳಿಗೆಯಲ್ಲಿ ಅವರ ಎದೆ ಹೆಮ್ಮೆಯಿಂದ ಉಬ್ಬಿತ್ತು.

ಪ್ರದರ್ಶನದ ಬಾಗಿಲು ತೆರೆಯಿತು, ತಾವು ಕಿತ್ತ ಅಣಬೆ ತೋರಿಸಿ ಕೇಳಲು ಜನ ಬುಟ್ಟಿ ಹಿಡಿದು ಬರತೊಡಗಿದರು. ಮೇಷ್ಟ್ರು ತಮ್ಮ ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿಸಿ ಅಕ್ಕನನ್ನು ಕೂರಿಸಿದರು. ಬಂದವರಿಗೆಲ್ಲ ಅವರದು ಒಂದೇ ಮಾತು: "ಮೊದ್ಲು ಅಕ್ಕಂಗೆ ತೋರಿಸಿ. ಅವರು ಹೂಂ ಅಂದ್ರೆ ನಂದೂ ಹೂಂ."