ತೂಗುಸೇತುವೆಯ ಗಾಳಿಹಡಗು

ಮೊನ್ನೆ ಶುಕ್ರವಾರ ಮಧ್ಯಾಹ್ನ ನಾನು ಅಜ್ಜಿಯಾದೆ. ಮಗಳಿಗೆ ಹೆಣ್ಣುಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಕಂಡವರಿಗೆಲ್ಲ ಹೇಳಿದೆ, ಬಸ್ಸಿನ ಕಂಡಕ್ಟರಿಗೂ ಹೇಳಿದೆ, ಆಸ್ಪತ್ರೆಯ ಗೇಟಿನಲ್ಲಿ ಕಡಲೆಕಾಯಿ ಮಾರುವವಳಿಗೂ ಹೇಳಿದೆ. ಆದರೂ ಹೇಳಿ ಮುಗಿದ ಹಾಗೆ ಆಗುತ್ತಿಲ್ಲ. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದವರಿಗೆ ಹೇಳೋಣವೆಂದರೆ ಅವರು ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹೊಲಿಗೆ ಹಾಕಿದ ಹಾಗೆ ಒಂದೊಂದೇ ಮಾತು ಕುತ್ತುತ್ತಾ ಹೋಗುತ್ತೇನೆ.

ಅವರ ಬಲಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಅಲ್ಲಿನ ಚರ್ಮ ಇಸ್ತ್ರಿ ಹಾಕಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮುಖದ ಒಂದು ಕಡೆ ಯಾವಾಗಲೂ ಆಶ್ಚರ್ಯಪಟ್ಟ ಹಾಗೆ, ಇನ್ನೊಂದು ಕಡೆ ಯಾವಾಗಲೂ ಚಿಂತೆ ಮಾಡುವ ಹಾಗೆ ಕಾಣುತ್ತಿತ್ತು. ಊರಲ್ಲಿ ಎಲ್ಲರೂ ಅವರನ್ನು ಇಂಜಿನಿಯರ್ರು ಎಂದೇ ಕರೆಯುತ್ತಿದ್ದೆವು. ಎಲ್ಲೋ ದೂರದ ಕಾರ್ಖಾನೆಯಲ್ಲಿ ಆಕಾಶಕ್ಕೆ ಬಿಡುವ ದೊಡ್ಡ ದೊಡ್ಡ ಬಲೂನುಗಳಿಗೆ ಬಟ್ಟೆ ತಯಾರಿಸುವ ಕೆಲಸದಲ್ಲಿದ್ದವರು. ಒಂದು ದಿನ ಅಲ್ಲಿ ಗ್ಯಾಸು ಹೊತ್ತಿಕೊಂಡಿತಂತೆ. ಇವರ ಹುಬ್ಬು ಹೋಯಿತು, ಪಕ್ಕದಲ್ಲಿ ನಿಂತವನು ಬದುಕಲಿಲ್ಲ. ರಿಟೈರಾದ ಮೇಲೆ ಹೆಂಡತಿಯ ತವರು ಎಂದು ನೆಮ್ಮಾರಿನ ಹತ್ತಿರ ಹೊಳೆಯಾಚೆಗಿರುವ ನಮ್ಮ ಊರಿಗೆ ಬಂದು ಮನೆ ಮಾಡಿದರು.

ನಮ್ಮ ಊರು ಅಂದರೆ ಕೆಲವೇ ಮನೆ. ರಸ್ತೆ ಇರುವುದು ತುಂಗೆಯ ಆಚೆ ದಡದಲ್ಲಿ, ನಾವಿರುವುದು ಈಚೆ. ನಡುವೆ ಒಂದು ತೂಗುಸೇತುವೆ. ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬಹುದು. ಎದುರಿನಿಂದ ಯಾರಾದರೂ ಬಂದರೆ ಮೈ ಓರೆ ಮಾಡಿ ನಿಲ್ಲಬೇಕು.

ನಾನು ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದೆ. ಇಂಜಿನಿಯರ್ರಿಗೆ ನಮ್ಮ ಜಗಲಿ ಪರಿಚಯವಾದದ್ದು ಬಟ್ಟೆಯಿಂದ. ಯಾವ ಬಟ್ಟೆ ಕಂಡರೂ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜುವರು. ಉದ್ದಕ್ಕೆ ಒಮ್ಮೆ ಎಳೆಯುವರು, ಅಡ್ಡಕ್ಕೆ ಒಮ್ಮೆ ಎಳೆಯುವರು. ಆಮೇಲೆ ಕೇಳುವರು, "ಅಕ್ಕಾ, ಇದು ಹರಿಯೋದಾದ್ರೆ ಎಲ್ಲಿ ಹರಿಯುತ್ತೆ?"

ಅವರಿಗೆ ಎಲ್ಲದಕ್ಕೂ ಅದೊಂದೇ ಪ್ರಶ್ನೆ. ಬಾವಿಯ ಹಗ್ಗ, ಕುಕ್ಕರಿನ ರಬ್ಬರು, ಕೊಡೆಯ ಕಡ್ಡಿ, ಯಾವುದನ್ನು ನೋಡಿದರೂ ಇದು ಮುರಿಯುವುದಾದರೆ ಎಲ್ಲಿ ಮುರಿಯುತ್ತದೆ ಎಂದು ಯೋಚಿಸುವರು. ನನ್ನ ಮಗಳ ಮದುವೆಗೆ ಬಂದವರು ಮೊದಲು ಚಪ್ಪರದ ಕಂಬಗಳನ್ನೆಲ್ಲ ಅಲ್ಲಾಡಿಸಿ ನೋಡಿ ಆಮೇಲೆ ಊಟಕ್ಕೆ ಕೂತರು.

"ಒಳ್ಳೇ ದಿನ ಇಂಥಾ ಮಾತಾಡ್ಬಾರ್ದು ಇಂಜಿನಿಯರ್ರೆ" ಎಂದು ನಾನು ಬೈದರೆ, "ಒಳ್ಳೇ ದಿನ ಅಂತ ಕಂಬಕ್ಕೆ ಗೊತ್ತಿರಲ್ಲ ಅಕ್ಕಾ" ಎಂದರು.

ಅವರು ಇನ್ನೊಂದು ವಿಷಯ ಮಾತಾಡಿದರೆ ಅದು ಗಾಳಿಹಡಗು. ವಿಮಾನದ ಹಾಗೆ ಓಡಬೇಕಿಲ್ಲವಂತೆ, ಇಳಿಯಲು ಮೈದಾನ ಬೇಕಿಲ್ಲವಂತೆ. ಮೇಲೆ ಗ್ಯಾಸು ತುಂಬಿದ ದೊಡ್ಡ ಹೊಟ್ಟೆ, ಕೆಳಗೆ ತೂಗುವ ಸಣ್ಣ ತೊಟ್ಟಿಲು. ಹೊಳೆ ಉಕ್ಕಿದಾಗ ನಿಧಾನಕ್ಕೆ ಬಂದು ನಮ್ಮ ಅಂಗಳದ ಮೇಲೆ ನಿಂತು, ಹಗ್ಗ ಬಿಟ್ಟು ಕಾಯಿಲೆಯವರನ್ನು ಎತ್ತಿಕೊಂಡು ಹೋಗಿ ಶೃಂಗೇರಿಯಲ್ಲಿ ಇಳಿಸಬಹುದಂತೆ.

ನಮ್ಮ ಪಕ್ಕದ ಮನೆಯವನು ನನಗಿಂತ ಚಿಕ್ಕವನು, ಆದರೂ ಊರಿಗೆಲ್ಲ ಭಾವ. ಅವನಿಗೆ ಇಂಜಿನಿಯರ್ರನ್ನು ಕೆಣಕದಿದ್ದರೆ ಕಾಫಿ ಇಳಿಯುತ್ತಿರಲಿಲ್ಲ.

"ಎಂತ ಮಾರಾಯ್ರೆ, ನಿಮ್ಮ ಹಡಗು ಯಾವಾಗ ಬರ್ತದೆ? ನಮ್ಮ ಎಮ್ಮೆನೂ ಹತ್ತಿಸ್ಬೋದಾ?"

"ಎಮ್ಮೆ ಹತ್ತುತ್ತೆ. ನೀನು ಹೆದರಿ ಹತ್ತಲ್ಲ."

ನಗುತ್ತಲೇ ಹೇಳಿ ಆಮೇಲೆ, "ಹಗುರವಾಗಿ ಮೇಲೆತ್ತೋ ಗ್ಯಾಸು ಬೆಂಕಿ ಹಿಡಿಯುತ್ತೆ. ಬೆಂಕಿ ಹಿಡಿಯದ ಗ್ಯಾಸು ನಮ್ಮ ಕೈಗೆ ಸಿಗಲ್ಲ. ಅದರ ನಡುವೆ ನನ್ನ ಆಯುಷ್ಯ ಹೋಯ್ತು" ಎನ್ನುತ್ತಾ ಹುಬ್ಬಿಲ್ಲದ ಜಾಗವನ್ನು ಸವರಿಕೊಳ್ಳುವರು.

ಅವರು ಬಂದ ಎರಡನೆಯ ಮಳೆಗಾಲ. ಒಂದು ಬೆಳಗ್ಗೆ ಅವರ ಹೆಂಡತಿಗೆ ಎದೆ ಹಿಡಿದುಕೊಂಡಿತು. ಆಚೆ ದಡಕ್ಕೆ ಜೀಪು ಬಂದು ನಿಂತಿತ್ತು. ನಮ್ಮ ಮನೆಯವರೂ ಪಕ್ಕದ ಮನೆ ಭಾವನೂ ಅವರನ್ನು ಕೈಕುರ್ಚಿಯಲ್ಲಿ ಕೂರಿಸಿ ಸೇತುವೆಯ ತನಕ ಹೊತ್ತರು. ಕುರ್ಚಿ ಸೇತುವೆಯ ಅಗಲಕ್ಕೆ ಹಿಡಿಯಲಿಲ್ಲ. ಬೆನ್ನ ಮೇಲೆ ಹೊತ್ತುಕೊಳ್ಳಲು ನೋಡಿದರೆ ಎದೆ ಒತ್ತಿ ಅವರಿಗೆ ಉಸಿರು ಕಟ್ಟಿತು. ಇಂಜಿನಿಯರ್ರು, "ಎರಡು ಬಿದಿರು ಕಡೀರಿ, ಕಂಬಳಿ ಕಟ್ಟಿ ಮಲಗಿಸಿ ಒಯ್ಯೋಣ" ಎಂದರು. ಯಾರ ಕೈಯೂ ಏಳಲಿಲ್ಲ. ಎರಡು ಬಿದಿರಿನ ಮೇಲೆ ಮಲಗಿಸಿ ಹೊತ್ತರೆ ಅದು ಚಟ್ಟವೇ. ಉಸಿರಾಡುವ ಮುತ್ತೈದೆಯನ್ನು ಚಟ್ಟದ ಮೇಲೆ ಮಲಗಿಸುವುದು ಹೇಗೆ. ಆ ಪುಣ್ಯಾತ್ಗಿತ್ತಿಯೇ, "ನಡೀತೀನಿ ಬಿಡಿ" ಎಂದರು. ಹಿಂದೊಬ್ಬರು ಮುಂದೊಬ್ಬರು ಹಿಡಿದುಕೊಂಡು ನಡೆಸಿದರು. ಸೇತುವೆ ದಾಟಿದರು. ಜೀಪಿನ ಮೆಟ್ಟಿಲಿಗೆ ಕಾಲಿಟ್ಟವರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ನಡಿಗೆ ತಡೆಯುವಂಥ ಎದೆ ಅದಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಇಂಜಿನಿಯರ್ರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ತಾವೇ ಎರಡು ಬಿದಿರು ಕಡಿದು, ನಡುವೆ ಗೋಣಿ ಕಟ್ಟಿ, ಸೇತುವೆಗೆ ಹಿಡಿಯುವ ಅಗಲದ ಸ್ಟ್ರೆಚರ್ ಮಾಡಿದರು. ತೋರಿಸಲೆಂದು ತಾವೇ ಅದರ ಮೇಲೆ ಅಂಗಾತ ಮಲಗಿ, "ಎತ್ತಿ" ಎಂದರು. ಹೆಂಗಸರು ಮುಖ ತಿರುಗಿಸಿದರು. ಭಾವ ಎರಡು ಹೆಜ್ಜೆ ಹಿಂದೆ ಸರಿದು, "ಇಂಜಿನಿಯರ್ರೆ, ಏಳಿ ಮಾರಾಯ್ರೆ, ನೋಡ್ಲಿಕ್ಕಾಗಲ್ಲ" ಎಂದ. ಅವರು ಎದ್ದು ಗೋಣಿ ಬಿಚ್ಚಿ, ಬಿದಿರನ್ನು ಬದಿಗಿಟ್ಟರು.

ಮಾರನೆಯ ದಿನ ನಮ್ಮ ಜಗಲಿಗೆ ಬಂದರು. "ಬಿದಿರು ಗಟ್ಟಿ, ಗೋಣಿ ಗಟ್ಟಿ. ಎಲ್ಲಿ ಮುರೀತು ಗೊತ್ತಾ ಅಕ್ಕಾ? ನೋಡೋರ ಕಣ್ಣಲ್ಲಿ. ಅದನ್ನ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ." ಆಮೇಲೆ ನಮ್ಮ ಒಳಮನೆಯ ತೊಲೆ ತೋರಿಸಿ, ನನ್ನ ಮಗಳು ಹುಟ್ಟಿದಾಗ ಬಟ್ಟೆಯ ತೊಟ್ಟಿಲು ಹೇಗೆ ಕಟ್ಟಿದ್ದಿರಿ ಎಂದು ಕೇಳಿದರು. ನಾನು ಹಳೆಯ ಸೀರೆ ತಂದು ಕಟ್ಟಿ ತೋರಿಸಿದೆ. ಅವರು ಅದನ್ನು ಸುತ್ತಿ ಸುತ್ತಿ ನೋಡಿದರು. "ಗಾಳಿಹಡಗಿನ ಹೊಟ್ಟೆ ನಮ್ಮಿಂದ ಆಗಲ್ಲ. ಕೆಳಗಿನ ತೊಟ್ಟಿಲು ಆಗುತ್ತೆ. ಮೇಲೆತ್ತೋಕೆ ಗ್ಯಾಸಿನ ಬದಲು ಇಬ್ಬರು ಮನುಷ್ಯರು" ಎಂದರು.

ಹಾಗೆ ಹುಟ್ಟಿತು ಅದು. ಎರಡು ಬಿದಿರಲ್ಲ, ಒಂದೇ ಬಿದಿರು. ಅದರಿಂದ ತೂಗುವ ಉದ್ದನೆಯ ಬಟ್ಟೆಯ ತೊಟ್ಟಿಲು. ಒಳಗಿದ್ದವರು ಮಲಗುವುದಿಲ್ಲ, ಒರಗಿ ಕೂರುತ್ತಾರೆ. ಹೊರುವವರು ಹಿಂದೊಬ್ಬ, ಮುಂದೊಬ್ಬ. ಕೊಪ್ಪದಿಂದ ದಪ್ಪನೆಯ ಬಟ್ಟೆ ತಂದರು, ಕೆಂಪಿನದೊಂದು, ಅರಿಶಿನ ಬಣ್ಣದ್ದೊಂದು. ಅಂಚಿಗೆ ನನ್ನ ಕೈಯಲ್ಲಿ ಮೂರು ಸಲ ಹೊಲಿಗೆ ಹಾಕಿಸಿದರು. ಹೊಲಿದದ್ದಕ್ಕೆ ನಮ್ಮ ಬೀಸುವ ಕಲ್ಲು ಹಾಕಿ ಜಗಲಿಯಲ್ಲಿ ತೂಗಬಿಟ್ಟರು. ನಾನು ರಾಗಿ ಬೀಸಲು ಕಲ್ಲಿಲ್ಲದೆ ಒದ್ದಾಡಿದೆ.

"ಎರಡು ಯಾಕೆ? ಒಂದು ಹರಿದ್ರೆ ಇನ್ನೊಂದು ಇರಲಿ ಅಂತಾ?" ಎಂದು ಕೇಳಿದೆ.

"ಹರಿಯಲ್ಲ. ಯಾವತ್ತಾದ್ರೂ ಒಬ್ಬರು ಇದರಲ್ಲೇ ಸಾಯ್ತಾರೆ ಅಕ್ಕಾ. ಆಮೇಲೆ ಈ ಬಟ್ಟೆ ಯಾರೂ ಮುಟ್ಟಲ್ಲ. ಅವತ್ತಿಗೆ ಇನ್ನೊಂದು."

"ಬಿಡ್ತು ಅನ್ನಿ" ಎಂದೆ. ಅವರು ಅನ್ನಲಿಲ್ಲ. ಅರಿಶಿನ ಬಣ್ಣದ್ದನ್ನು ಮಡಚಿ ನನ್ನ ಕೈಗೆ ಕೊಟ್ಟು, ಟ್ರಂಕಿನಲ್ಲಿಡಿ ಎಂದರು.

ಊರವರು ಅದಕ್ಕೆ ತಮಾಷೆಗೆ ಗಾಳಿಹಡಗು ಎಂದು ಹೆಸರಿಟ್ಟರು. ಸೊಂಟ ಮುರಿದ ಅಜ್ಜನೊಬ್ಬ ಅದರಲ್ಲಿ ಹೋಗಿ ಬಂದ. ಹಾವು ಕಚ್ಚಿದ ಹುಡುಗಿಯೊಬ್ಬಳು ಹೋಗಿ ಬಂದಳು. ಹೋದವರು ತಿರುಗಿ ಬಂದ ಮೇಲೆ ತಮಾಷೆ ನಿಂತಿತು, ಹೆಸರು ಉಳಿಯಿತು.

ಹೊರುವುದನ್ನು ಕಲಿಸಿದ್ದೂ ಅವರೇ. ಇಬ್ಬರೂ ಒಟ್ಟಿಗೆ ಹೆಜ್ಜೆ ಹಾಕಿದರೆ ತೂಗುಸೇತುವೆ ಅದೇ ತಾಳಕ್ಕೆ ತೂಗಲು ಶುರುಮಾಡುತ್ತದೆ, ಆಮೇಲೆ ನಿಲ್ಲಿಸಲಾಗುವುದಿಲ್ಲ ಎನ್ನುವರು. ಮಳೆಗಾಲಕ್ಕೆ ಮುಂಚೆ ತಾವೇ ತೊಟ್ಟಿಲಲ್ಲಿ ಕೂತು ನಮ್ಮ ಮನೆಯವರನ್ನೂ ಭಾವನನ್ನೂ ಸೇತುವೆಯ ಮೇಲೆ ಓಡಾಡಿಸುವರು. ನನ್ನ ಮಗಳು ದಡದಲ್ಲಿ ನಿಂತು ನಗುವಳು.

"ಹೆಜ್ಜೆ ಬೇರೆ ಮಾಡ್ರೋ" ಎಂದು ಒಳಗಿನಿಂದ ಕೂಗು.

"ನಂದು ಸರಿ ಇದೆ, ಮುಂದಿನವನು ನನ್ನ ಹೆಜ್ಜೆ ಕದೀತಾನೆ" ಎಂದು ಭಾವ.

"ನಿನ್ನ ಹೆಜ್ಜೆ ಕದ್ದು ನಾನೆಂತ ಮಾಡ್ಲಿ ಮಾರಾಯ" ಎಂದು ನಮ್ಮ ಮನೆಯವರು.

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಗ್ಗೆ ಇಂಜಿನಿಯರ್ರು ಎದೆ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದು, "ಹಡಗು ತೆಗೀರಿ, ಇವತ್ತು ಅಭ್ಯಾಸ ಅಲ್ಲ" ಎಂದರು. ಕೂರುವ ಮೊದಲು ಗಂಟು ಮುಟ್ಟಿ ನೋಡಿದರು. ಅಂಚನ್ನು ಎರಡು ಬೆರಳಲ್ಲಿ ಉಜ್ಜಿದರು. ನಾನು ಹಿಂದೆ ಹಿಂದೆ ಹೋದೆ. ಸೇತುವೆಯ ಅರ್ಧದ ತನಕ ಒಳಗಿನಿಂದ ಮಾತು ಬರುತ್ತಲೇ ಇತ್ತು. "ಬಲಕ್ಕೆ ವಾಲಬೇಡ", "ಆತುರ ಬೇಡ", "ಹೆಜ್ಜೆ ಬೇರೆ".

ಆಮೇಲೆ ಗಾಬರಿಗೋ ಏನೋ ಹೊತ್ತವರಿಬ್ಬರ ಹೆಜ್ಜೆಯೂ ಒಂದಾಯಿತು. ಸೇತುವೆ ತೂಗಲು ಶುರುವಾಯಿತು. ನಾನು ಕಂಬಿ ಹಿಡಿದು, ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಒಳಗಿನಿಂದ ಬೈಗುಳ ಬರಲಿಲ್ಲ. ಭಾವ ನಿಂತ. ನಮ್ಮ ಮನೆಯವರೂ ನಿಂತರು. ಯಾರೂ ಬಟ್ಟೆ ಸರಿಸಿ ನೋಡಲಿಲ್ಲ. ನೋಡದೆಯೇ ಮೂವರಿಗೂ ಗೊತ್ತಾಗಿತ್ತು.

ಕೆಂಪು ಬಟ್ಟೆಯನ್ನು ಅವರ ಜೊತೆಗೇ ಸುಟ್ಟರು. ಬಿದಿರನ್ನು ಹೊಳೆಗೆ ಬಿಟ್ಟರು. ಗಾಳಿಹಡಗಿನ ಹೆಸರನ್ನು ಆಮೇಲೆ ಊರಲ್ಲಿ ಯಾರೂ ಎತ್ತಲಿಲ್ಲ.

ಈ ವರ್ಷ ಮಗಳು ಬಾಣಂತನಕ್ಕೆ ಬಂದಳು. ದಿನ ಹತ್ತಿರವಾಗುವ ಮೊದಲೇ ಶೃಂಗೇರಿಯಲ್ಲಿ ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗಿ ಇರುವುದೆಂದು ಮಾತಾಗಿತ್ತು. ಮಗು ಅಷ್ಟು ಕಾಯಲಿಲ್ಲ. ಶುಕ್ರವಾರ ಬೆಳಗ್ಗೆ ನೋವು ಬಂತು. ಮುಖ, ಕಾಲು ಬಾತುಕೊಂಡಿತ್ತು, ಕಣ್ಣು ಮಂಜು ಅಂದಳು. ಬಿಪಿ ಜಾಸ್ತಿ ಇದೆ, ಏನಾದರೂ ಆದರೆ ನಡೆಸಬೇಡಿ ಎಂದು ನರ್ಸು ಮೊದಲೇ ಹೇಳಿದ್ದಳು. ಫೋನು ಮಾಡಿದೆವು, ಆಂಬುಲೆನ್ಸು ಆಚೆ ದಡಕ್ಕೆ ಬಂತು. ನಡುವೆ ಸೇತುವೆ. ನಮ್ಮ ಮನೆಯವರು ಕೈಕುರ್ಚಿಯ ಕಡೆ ನೋಡಿದರು. ನನಗೆ ಇಂಜಿನಿಯರ್ರ ಹೆಂಡತಿ "ನಡೀತೀನಿ ಬಿಡಿ" ಅಂದದ್ದು ಕಿವಿಯಲ್ಲೇ ಕೇಳಿತು.

ಟ್ರಂಕು ತೆಗೆದೆ.

ಭಾವ ಹೊಸ್ತಿಲಲ್ಲೇ ತಡೆದ. "ಅಕ್ಕಾ, ಅವರು ಜೀವ ಬಿಟ್ಟದ್ದು ಅದ್ರಲ್ಲೇ. ತುಂಬಿದ ಬಸುರಿನ್ನ ಅದ್ರಲ್ಲಿ ಹಾಕೋದಾ? ನಂಗೆ ಕೈ ಬರಲ್ಲ."

"ಅವರು ಹೋದದ್ದು ಕೆಂಪಿನಲ್ಲಿ. ಇದು ಹಳದಿ. ಇದ್ರಲ್ಲಿ ಯಾರೂ ಕೂತಿಲ್ಲ. ಈ ದಿನಕ್ಕೆ ಅಂತಲೇ ಬೇರೆ ಮಾಡಿಸಿಟ್ಟು ಹೋಗಿದಾರೆ. ಇವಳನ್ನ ನಡೆಸಿ ಇನ್ನೊಂದು ಹೆಣ ನೋಡ್ಬೇಕಾ ನಿಂಗೆ?"

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಭಾವ ತಿರುಗಿ ನೋಡದೆ ಕತ್ತಿ ತೆಗೆದುಕೊಂಡು ಹೋಗಿ, ಬಲಿತ ಬಿದಿರೊಂದನ್ನು ಕಡಿದು ತಂದ. ಕತ್ತಿಯ ಹಿಡಿಯಿಂದ ಅದನ್ನು ಉದ್ದಕ್ಕೂ ಬಡಿದು ನೋಡಿದ, ಇಂಜಿನಿಯರ್ರು ನೋಡುತ್ತಿದ್ದ ಹಾಗೆಯೇ. ನಾನು ಗಂಟು ಹಾಕಿದೆ. ಮಗಳು ಒಳಗೆ ಒರಗಿದಳು.

ಸೇತುವೆಯ ಅರ್ಧಕ್ಕೆ ಬಂದಾಗ ಅವಳ ನರಳಾಟ ನಿಂತಿತು. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಲಗೆ ನನ್ನ ಕಾಲಡಿಯಲ್ಲಿ ತೂಗತೊಡಗಿತು. ಹೊತ್ತವರ ಹೆಜ್ಜೆ ಒಂದಾಗಿತ್ತು. ಕೂಗಿ ಹೇಳುವ ಬದಲು ಕಂಬಿ ಹಿಡಿದುಕೊಂಡೆ. ಹೋದ ವರ್ಷ ನಿಂತ ಜಾಗದಲ್ಲೇ ನಿಂತಿದ್ದೆ. ಬಟ್ಟೆ ಸರಿಸಿ ನೋಡುವ ಧೈರ್ಯ ಈ ಸಲವೂ ಇರಲಿಲ್ಲ.

ಆಗ ಒಳಗಿನಿಂದ ಬಂತು, ಹಲ್ಲು ಕಚ್ಚಿಕೊಂಡ ದನಿ. "ಅಪ್ಪಾ, ಹೆಜ್ಜೆ ಬೇರೆ ಮಾಡ್ರೋ. ತಲೆ ತಿರುಗ್ತದೆ."

ನಮ್ಮ ಮನೆಯವರು ಅಳುತ್ತಾ ಹೆಜ್ಜೆ ಬದಲಿಸಿದರು.

ಮಧ್ಯಾಹ್ನಕ್ಕೆ ಶೃಂಗೇರಿಯಲ್ಲಿ ಮಗು ಹುಟ್ಟಿತು. ಇನ್ನು ಸ್ವಲ್ಪ ತಡವಾಗಿದ್ದರೆ, ನಡೆಸಿದ್ದರೆ, ಎಂದು ಡಾಕ್ಟರಮ್ಮ ಮಾತು ಶುರುಮಾಡಿದರು. ಮುಗಿಸಬೇಡಿ ಎಂದು ಕೈ ಮುಗಿದೆ. ಎಲ್ಲಿ ಮುರಿಯುತ್ತಿತ್ತು ಎನ್ನುವುದು ನನಗೆ ಗೊತ್ತಿತ್ತು.

ಸಂಜೆ ನರಸಿಂಹರಾಜಪುರದಿಂದ ಅಳಿಯನೂ ಬೀಗಿತ್ತಿಯೂ ಬಸ್ಸಿನಲ್ಲಿ ಬಂದರು. ತಂಗಿ ಕ್ಯಾರಿಯರಿನಲ್ಲಿ ಅನ್ನ, ಸಾರು, ಹಪ್ಪಳ ತಂದಳು. ಆಸ್ಪತ್ರೆಯಲ್ಲಿ ಮಗಳ ಕೋಣೆಯ ಬಾಗಿಲ ಹೊರಗೆ ಎಲ್ಲರೂ ಸುತ್ತ ಕೂತೆವು. ಭಾವನನ್ನೂ ಕೂರಿಸಿಕೊಂಡೆವು. ಬಿದಿರು ಹೊತ್ತ ಅವನ ಹೆಗಲು ಕೆಂಪಾಗಿ ಬಾತಿತ್ತು. ಅವನು ಮೊದಲ ತುತ್ತು ಕಲಸಿ, ಬಾಯಿಗಿಡದೆ ತಟ್ಟೆಯ ಪಕ್ಕದಲ್ಲಿಟ್ಟ. ಅದು ಇಂಜಿನಿಯರ್ರಿಗೆ. ಆಮೇಲೆ ಉಣ್ಣತೊಡಗಿದೆವು. ಬೀಗಿತ್ತಿ ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬಿ ಬಿಚ್ಚಿದರು.

ಒಳಗಿನಿಂದ ಮಗಳ ದನಿ ಬಂತು. "ಅಮ್ಮಾ, ಮಿಡಿ ವಾಸನೆ ಬರ್ತಿದೆ. ನಂಗೊಂದು ಚೂರಾದ್ರೂ ಕೊಡ್ತೀರಾ, ಇಲ್ಲಾ ನೀವೇ ಎಲ್ಲಾ ನುಂಗ್ತೀರಾ?"

ಬಾಣಂತಿಗೆ ಉಪ್ಪಿನಕಾಯಿ ಕೊಡುವಂತಿಲ್ಲ. ಅವಳು ಇನ್ನೊಂದು ಸಲ ಬೈಯಲಿ ಎಂದು ಕಾದೆ. ಬೈದಳು. ನಾನು ಇನ್ನಷ್ಟು ಅನ್ನ ಬಡಿಸಿಕೊಂಡೆ.