ಸಾನಪಾಡಾದ ಓಣಿಯಲ್ಲಿ ಸಿಕ್ಕಿಬಿದ್ದ ಟ್ರ್ಯಾಕ್ಟರ್

ಡೊಂಬಿವಲಿ ಸ್ಟೇಷನ್ನಿನ ಎದುರಿದ್ದ ಶಾಕಾಹಾರಿ ಹೋಟೆಲನ್ನು ತಮ್ಮನ ಮಗ ಪೃಥ್ವಿರಾಜನಿಗೆ ವಹಿಸಿಕೊಟ್ಟ ಮೇಲೆ ಲೀಲಾಧರರಿಗೆ ಬೆಳಗುಗಳು ಉದ್ದವಾದವು. ಇಡ್ಲಿ ಪಾತ್ರೆಯ ಹಬೆಯಲ್ಲೇ ಬೆಳಕು ಹರಿಯುವುದನ್ನು ಕಂಡ ಮನುಷ್ಯ. ಈಗ ಠಾಕುರ್ಲಿಯ ಮನೆಯ ಗ್ಯಾಲರಿಯಲ್ಲಿ ಕುಳಿತು, ಹೋಗಿಬರುವ ಲೋಕಲ್ ರೈಲುಗಳನ್ನು ನೋಡುವುದಷ್ಟೇ ಕೆಲಸ. ಹೆಂಡತಿ ಜಯಲತಾ ಕಾಶಿಗೆ ಕರೆದುಕೊಂಡು ಹೋಗಿ ಬಂದರು. ಪೃಥ್ವಿರಾಜ ಒಂದು ವಾಕಿಂಗ್ ಗುಂಪಿಗೆ ಸೇರಿಸಿದ. ಯಾವುದಕ್ಕೂ ಲೀಲಾಧರರು ಒಲ್ಲೆ ಎನ್ನಲಿಲ್ಲ. ಆದರೆ ಒಂದು ಸಂಜೆ ಚಹಾದ ಲೋಟ ಕೆಳಗಿಟ್ಟು, "ನನಗೊಂದು ಹಳೇ ಟ್ರ್ಯಾಕ್ಟರ್ ಬೇಕು" ಎಂದರು.

ಜಯಲತಾ ಗಂಡನ ಮುಖವನ್ನೇ ನೋಡಿದರು. "ಎಂತಕ್ಕೆ? ಸೊಸೈಟಿಯ ಟೆರೇಸಿನಲ್ಲಿ ಗದ್ದೆ ಮಾಡ್ಲಿಕ್ಕುಂಟಾ?"

"ಉಳ್ಲಿಕ್ಕಲ್ಲ ಮಾರಾಯ್ತಿ, ರಿಪೇರಿ ಮಾಡ್ಲಿಕ್ಕೆ. ಬಿಚ್ಚಿ, ತೊಳ್ದು, ಪುನಃ ಜೋಡಿಸ್ಲಿಕ್ಕೆ."

ಮಗಳು ದಿಶಾ ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ರಿಟೈರ್ ಹೋಕೆ ಲೋಗ್ ಗಿಟಾರ್ ಸೀಖ್ತೇ ಹೈ" ಎಂದಳು, ರಿಟೈರಾದವರು ಕಲಿಯುವುದು ಗಿಟಾರ್ ಎಂಬಂತೆ.

ಈ ಆಸೆ ಏಕಾಏಕಿ ಹುಟ್ಟಿದ್ದಲ್ಲ. ಉಡುಪಿಯಿಂದ ಬಂದ ಹೊಸತರಲ್ಲಿ ಲೀಲಾಧರರು ಕಲ್ಯಾಣದ ಮಾರುಕಟ್ಟೆಯ ಬಳಿ ಒಂದು ಹೋಟೆಲಿನಲ್ಲಿ ಚಹಾ ಕೊಡುತ್ತಿದ್ದರು. ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರ್‌ಗಳು ತರಕಾರಿ ಹೇರಿಕೊಂಡು ಬಂದು ಸಾಲಾಗಿ ನಿಲ್ಲುತ್ತಿದ್ದವು. ಅವುಗಳ ಗುಡುಗಿಗೆ ಟ್ರೇಯ ಮೇಲಿನ ಗ್ಲಾಸುಗಳು ಕಿಣಿಕಿಣಿ ಅನ್ನುತ್ತಿದ್ದವು. ಆಮೇಲೆ ಸ್ವಂತ ಹೋಟೆಲಾಯಿತು. ರುಬ್ಬುವ ಕಲ್ಲಿನ ಮೋಟಾರು ನಿಂತರೆ ಮೆಕ್ಯಾನಿಕ್‌ಗೆ ಫೋನು ಮಾಡುವ ಮೊದಲು ಇವರೇ ಅಂಗಿ ಕಳಚಿ ಕೂರುವರು. ದೊಡ್ಡದೊಂದು ಇಂಜಿನ್ನಿಗೆ ಕೈ ಹಾಕಬೇಕೆಂಬ ಬಯಕೆ ಮಾತ್ರ ಹಾಗೇ ಉಳಿದಿತ್ತು.

ಹುಡುಕಾಟ ಶುರುವಾಯಿತು. ಮುರಬಾಡ್ ರಸ್ತೆಯ ಒಂದು ಹಳ್ಳಿಯಲ್ಲಿ ಕೆಂಪಗೆ ಹೊಳೆಯುವ ಟ್ರ್ಯಾಕ್ಟರ್ ಕಂಡಾಗ ಲೀಲಾಧರರು ಓಡಿಯೇ ಹೋದರು. ಮುಚ್ಚಳ ಎತ್ತಿ ನೋಡಿದರೆ ಒಳಗಿದ್ದದ್ದು ಬಾವಿಯ ಪಂಪಿನ ಇಂಜಿನ್. ಯಜಮಾನನಿಗೆ ಒಂದಿಷ್ಟೂ ನಾಚಿಕೆಯಿಲ್ಲ. ನೀರು ಎಳೆಯುವುದು ಟ್ರಾಲಿ ಎಳೆಯುವುದಿಲ್ಲವೇ ಎಂದು ಇವರನ್ನೇ ಕೇಳಿದ. ಇನ್ನೊಮ್ಮೆ ಕಲ್ಯಾಣದ ಗುಜರಿ ಅಂಗಡಿಯೊಂದರಿಂದ ಸುದ್ದಿ ಬಂದು ಓಡಿದರು. ಅಷ್ಟರಲ್ಲಿ ಗ್ಯಾಸ್ ಕಟರ್ ತನ್ನ ಕೆಲಸ ಮುಗಿಸಿತ್ತು. ಗೋಡೆಗೆ ಒರಗಿಸಿದ ದೊಡ್ಡ ಚಕ್ರಗಳಷ್ಟೇ ಉಳಿದಿದ್ದವು. ಅವುಗಳ ಪಕ್ಕ ಬಹಳ ಹೊತ್ತು ನಿಂತು, ವಾಚ್‌ಮನ್ ಏನು ಬೇಕೆಂದು ಕೇಳಿದ ಮೇಲೆ ಬರಿಗೈಯಲ್ಲಿ ರಿಕ್ಷಾ ಹತ್ತಿದರು. ಆ ರಾತ್ರಿ ಅವರು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅದನ್ನು ಗಮನಿಸಿದ್ದು ದಿಶಾ.

ವಾರ ಕಳೆದ ಮೇಲೆ ಅವಳೇ ಫೋನು ಮುಂದೆ ಹಿಡಿದಳು. ಸಾನಪಾಡಾದ ಅಭಿಜಿತ್ ಎಂಬವನ ಜಾಹೀರಾತು: ಹಳೇ ಟ್ರ್ಯಾಕ್ಟರ್ ಇದೆ, ಕೊಂಡವರೇ ಬಿಚ್ಚಿ ಒಯ್ಯಬೇಕು.

"ಬಿಚ್ಚಿ ಯಾಕೆ?" ಎಂದರು ಲೀಲಾಧರರು.

"ಜಾಕೆ ದೇಖೋ ನಾ ಪಪ್ಪಾ. ಮೈ ಭೀ ಆತೀ ಹೂಂ."

ಅಪ್ಪ ಮಗಳು ಠಾಣೆಯಲ್ಲಿ ಗಾಡಿ ಬದಲಿಸಿ ಸಾನಪಾಡಾದಲ್ಲಿ ಇಳಿದರು. ಎತ್ತರದ ಕಟ್ಟಡಗಳ ಸೆಕ್ಟರುಗಳನ್ನು ದಾಟಿದರೆ ಹಳೇ ಊರು. ಮೈಗೆ ಮೈ ತಾಗಿಸಿ ನಿಂತ ಮನೆಗಳ ನಡುವಿನ ಓಣಿಯಲ್ಲಿ, ಒಣಗಲು ಹಾಕಿದ ಸೀರೆಗಳ ಕೆಳಗೆ ಟ್ರ್ಯಾಕ್ಟರ್ ನಿಂತಿತ್ತು. ನೀಲಿ ಬಣ್ಣ ಮಸುಕಾಗಿ ಮುಗಿಲಿನ ಬಣ್ಣವಾಗಿತ್ತು. ಸೀಟಿನ ಮೇಲೆ ಬೆಕ್ಕು ಮಲಗಿತ್ತು. ಆದರೆ ಒಳಗಿದ್ದದ್ದು ಅಸಲಿ ಇಂಜಿನ್. ಬಿಚ್ಚಿ ಒಯ್ಯಬೇಕು ಎಂದದ್ದು ಯಾಕೆಂದೂ ಗೊತ್ತಾಯಿತು. ಟ್ರ್ಯಾಕ್ಟರ್ ನಿಲ್ಲಿಸಿದ ಮೇಲೆ ಓಣಿಯ ಬಾಯಿಗೆ ಪಕ್ಕದ ಮನೆಯವರು ಬಚ್ಚಲು ಕಟ್ಟಿದ್ದರು. ಈಗ ಒಂದು ಬೈಕಿಗಷ್ಟೇ ದಾರಿ.

ಕಟ್ಟೆಯ ಮೇಲೆ ಕುಳಿತಿದ್ದ ಅಭಿಜಿತನ ತಾಯಿ ಗಂಗಾ, ಲೀಲಾಧರರ ಕೈಯಲ್ಲಿದ್ದ ಸ್ಪ್ಯಾನರ್ ಚೀಲ ನೋಡಿ ಮುಖ ಗಂಟಿಕ್ಕಿದರು. "ಒಡೆಯುವವನು ಬಂದನೋ?" ಎಂದು ಮರಾಠಿಯಲ್ಲಿ ಮಗನನ್ನು ಕೇಳಿದರು.

"ಒಡೆಯುವುದಿಲ್ಲ ತಾಯಿ," ಲೀಲಾಧರರೂ ಮರಾಠಿಯಲ್ಲೇ ಹೇಳಿದರು. "ಓಡಿಸಬೇಕು ಅಂತ ಬಂದಿದ್ದೇನೆ."

ವ್ಯಾಪಾರದ ಮಾತು ಮುಗಿಯಿತು. ಕಲ್ಯಾಣದಾಚೆಯಿದ್ದ, ಪೃಥ್ವಿರಾಜನ ಹೋಟೆಲಿನ ಸಾಮಾನಿಡುವ ಗೋಡೌನಿನಲ್ಲಿ ಜಾಗವೂ ಸಿಕ್ಕಿತು. ಇನ್ನು ಬಿಚ್ಚುವುದೊಂದೇ. ಶನಿವಾರ ಶನಿವಾರ ಲೀಲಾಧರರು ಸಾನಪಾಡಾಕ್ಕೆ ಬಂದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟರು, ಜಾಮ್ ಆದ ಪಿಸ್ಟನ್ನಿಗೆ ಡೀಸೆಲ್ ಕುಡಿಸಿದರು, ಬೆಕ್ಕಿಗೆ ಬೇರೆ ಗೋಣಿ ಹಾಸಿಕೊಟ್ಟರು. ಆದರೆ ಚೌಕಟ್ಟನ್ನು ಬೇರೆ ಬೇರೆ ಮಾಡಲು ಮಾತ್ರ ಕೈ ಬರಲಿಲ್ಲ. ಒಮ್ಮೆ ಬಿಚ್ಚಿ ಚೀಲಗಳಲ್ಲಿ ತುಂಬಿದರೆ ಮತ್ತೆ ಒಂದಾಗುತ್ತದೆಂಬ ಧೈರ್ಯ ಅವರಿಗಿರಲಿಲ್ಲ. ಬೈಕ್ ನಿಲ್ಲಿಸಲು ಜಾಗಕ್ಕಾಗಿ ಕಾಯುತ್ತಿದ್ದ ಅಭಿಜಿತ್, "ಕಾಕಾ, ಕಬ್ ಲೇ ಜಾಓಗೇ?" ಎಂದು ಪ್ರತಿ ವಾರ ಒಯ್ಯುವ ದಿನ ಕೇಳುತ್ತಿದ್ದ.

ಒಂದು ಶನಿವಾರ ಗಂಗಾ ಚಹಾ ತಂದಿಟ್ಟು ಪಕ್ಕದಲ್ಲೇ ಕುಳಿತರು.

"ನಿಮ್ಮ ಯಜಮಾನರು ಚೆನ್ನಾಗಿ ಇಟ್ಟುಕೊಂಡಿದ್ದರು ಇದನ್ನು," ಎಂದರು ಲೀಲಾಧರರು.

ಗಂಗಾ ನಕ್ಕುಬಿಟ್ಟರು. "ಅವರಾ? ಅವರಿಗೆ ಇದರ ಹೆದರಿಕೆ. ಉಪ್ಪು ತೆಗೆಯುವ ಗದ್ದೆ ಅವರದು, ಭತ್ತದ ಗದ್ದೆ ನನ್ನದು. ಓಡಿಸುತ್ತಿದ್ದದ್ದು ನಾನು."

ಲೀಲಾಧರರು ಸ್ಪ್ಯಾನರ್ ಕೆಳಗಿಟ್ಟರು. ಒಳಗಿಂದ ಬಂದ ಅಭಿಜಿತ್ ಬಾಗಿಲಲ್ಲೇ ನಿಂತ. ಅವನಿಗೂ ಇದು ಗೊತ್ತಿರಲಿಲ್ಲ. ಅವನು ಹುಟ್ಟುವಷ್ಟರಲ್ಲಿ ಗದ್ದೆಗಳು ಸೆಕ್ಟರುಗಳಾಗಿದ್ದವು.

"ನೀನು ಯಾವತ್ತೂ ಹೇಳಲಿಲ್ಲವಲ್ಲ ಆಯಿ?"

"ನೀನು ಕೇಳಿದರಲ್ಲವೇ?" ಎಂದು ಗಂಗಾ ಲೋಟ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಅಭಿಜಿತ್ ಬೈಕಿನ ಮಾತು ಎತ್ತಲಿಲ್ಲ.

ಮಳೆಗಾಲಕ್ಕೆ ಮುಂಚೆ ಅವನದೇ ಫೋನು ಬಂತು. "ಕಾಕಾ, ಭಿಂತ್ ಪಡಲೀ! ಜಲ್ದಿ ಯಾ!" ಓಣಿಗೆ ಹೊಸ ಗಟಾರ ಹಾಕಲು ಪಕ್ಕದವರ ಬಚ್ಚಲು ಗೋಡೆ ಕೆಡವಿದ್ದರು. ಪೈಪು ಮುಚ್ಚಿದ ಮೇಲೆ ಮತ್ತೆ ಕಟ್ಟುತ್ತಾರೆ. ಅದರೊಳಗೆ ಟ್ರ್ಯಾಕ್ಟರ್ ಹೊರಗೆ ಬರಬೇಕು, ಇಡಿಯಾಗಿ.

ಲೀಲಾಧರರು ಪೃಥ್ವಿರಾಜನನ್ನೂ ಒಂದು ಟೆಂಪೋವನ್ನೂ ಹೊರಡಿಸಿಕೊಂಡು ಬಂದರು. ಅಗೆದ ಗಟಾರದ ಮೇಲೆ ಕಬ್ಬಿಣದ ಹಲಗೆ ಹಾಸಿದರು. ಚಕ್ರಗಳಿಗೆ ಗಾಳಿ ತುಂಬಿಸಿದರು. ಓಣಿಯ ಗಂಡಸರೆಲ್ಲ ಹಿಂದೆ ಕೈ ಕೊಟ್ಟು ನಿಂತರು. ಆಗ ಪೃಥ್ವಿರಾಜ ಕೇಳಿದ, "ದೊಡ್ಡಪ್ಪ, ಸ್ಟೇರಿಂಗ್ ಹಿಡಿಯುವುದು ಯಾರು?"

ಲೀಲಾಧರರು ತಲೆ ಕೆರೆದುಕೊಂಡರು. ಇಷ್ಟು ದಿನ ಹುಡುಕಿದ್ದೇ ಹುಡುಕಿದ್ದು. ಟ್ರ್ಯಾಕ್ಟರ್ ಓಡಿಸಲು ತನಗೆ ಬರುವುದಿಲ್ಲ ಎಂಬುದು ಅವರಿಗೆ ಹೊಳೆದಿರಲೇ ಇಲ್ಲ.

ಗಂಗಾ ಚಪ್ಪಲಿ ಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಭುಜ ಹಿಡಿದು ಸೀಟಿಗೆ ಏರಿದರು. "ಢಕಲಾ!" ಎಂದರು.

ಎಲ್ಲರೂ ದೂಡಿದರು. ಟ್ರ್ಯಾಕ್ಟರ್ ಕಿರುಗುಟ್ಟಿತು, ಅಲುಗಿತು, ಆಮೇಲೆ ಉರುಳಿತು. ಎರಡೂ ಬದಿಗೆ ಬೆರಳು ಹಾಯುವಷ್ಟೇ ಜಾಗ. ಗಂಗಾ ಒಂದು ಮನೆಯ ಮೆಟ್ಟಿಲಿಗೂ ತಾಗಿಸಲಿಲ್ಲ. ಕಿಟಕಿಗಳಲ್ಲಿ ಮಕ್ಕಳು ಕೂಗಿದರು, ಯಾರೋ ಶಿಳ್ಳೆ ಹಾಕಿದರು. ದೊಡ್ಡ ರಸ್ತೆಗೆ ಬಂದಾಗ ಆಕೆ ತಕ್ಷಣ ಇಳಿಯಲಿಲ್ಲ. ಎದುರಿನ ಕಟ್ಟಡಗಳ ಕಡೆ ನೋಡುತ್ತ ಸ್ವಲ್ಪ ಹೊತ್ತು ಕುಳಿತೇ ಇದ್ದರು. ಲೀಲಾಧರರು ಯಾರಿಗೂ ಅವಸರ ಮಾಡಲು ಬಿಡಲಿಲ್ಲ.

ಟೆಂಪೋ ಹೊತ್ತು ತಂದ ಟ್ರ್ಯಾಕ್ಟರಿನ ಜೊತೆ ಆ ಮಳೆಗಾಲವೆಲ್ಲ ಲೀಲಾಧರರು ಗೋಡೌನಿನಲ್ಲಿ ಕಳೆದರು. ಕೆಲವು ಭಾಗ ಸಿಗಲಿಲ್ಲ, ಕೆಲವನ್ನು ಮಾಡಿಸಬೇಕಾಯಿತು. ಒಂದು ಗ್ಯಾಸ್ಕೆಟ್ ತಪ್ಪಾಗಿ ಕೂರಿಸಿ ಪುನಃ ಬಿಚ್ಚಿದರು. ದೀಪಾವಳಿ ಕಳೆದ ಒಂದು ಬೆಳಿಗ್ಗೆ ಇಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಸ್ಟಾರ್ಟ್ ಆಯಿತು. ಲೀಲಾಧರರು ಕೂಗಲಿಲ್ಲ, ಕುಣಿಯಲಿಲ್ಲ. ಅಲ್ಲೇ ಒಂದು ಅಕ್ಕಿ ಮೂಟೆಯ ಮೇಲೆ ಕುಳಿತು ಆ ಗುಡುಗು ಕೇಳಿದರು.

ಮರುವಾರ ಅಭಿಜಿತ್ ತಾಯಿಯನ್ನು ಕರೆದುಕೊಂಡು ಬಂದ. ಗೋಡೌನಿನ ಹಿಂದಿನ ಬಯಲಿನಲ್ಲಿ ಗಂಗಾ ಮೊದಲು ತಾವೊಂದು ಸುತ್ತು ಓಡಿಸಿದರು. ಆಮೇಲೆ ಕೆಳಗಿಳಿದು, ಲೀಲಾಧರರನ್ನು ಕೂರಿಸಿ ಪಕ್ಕದಲ್ಲಿ ನಿಂತರು. ಕ್ಲಚ್ ಬಿಟ್ಟ ಕೂಡಲೇ ಗಾಡಿ ಕಪ್ಪೆಯಂತೆ ಹಾರಿ ಬಂದ್ ಬಿತ್ತು.

"ಪುನ್ಹಾ," ಎಂದರು ಗಂಗಾ.

ಮತ್ತೂ ಬಂದ್ ಬಿತ್ತು. ಮಗಳೊಡನೆ ನೋಡಲು ಬಂದಿದ್ದ ಜಯಲತಾ ನಗು ತಡೆಯಲಾರದೆ ದಿಶಾಳ ಬೆನ್ನ ಹಿಂದೆ ಮುಖ ಮುಚ್ಚಿಕೊಂಡರು. ಆಮೇಲೆ ಹೇಗೋ ಟ್ರ್ಯಾಕ್ಟರ್ ಮೆತ್ತಗೆ ಹೊರಟಿತು. ಲೀಲಾಧರರು ಕುತ್ತಿಗೆ ಸೆಟೆಸಿಕೊಂಡು ಬಯಲಿನ ಆಚೆ ಬೇಲಿಯವರೆಗೆ ಹೋದರು. ಅಲ್ಲಿ ನಿಂತರು. ರಿವರ್ಸ್ ಇನ್ನೂ ಹೇಳಿಕೊಟ್ಟಿರಲಿಲ್ಲ. ಗಂಗಾ ಸೆರಗು ಸರಿಮಾಡಿಕೊಂಡು, ಹುಲ್ಲು ತುಳಿಯುತ್ತ, ನಿಧಾನವಾಗಿ ಅವರ ಕಡೆ ನಡೆದರು.